ಈಜೆಬೆಲಳ ಕಿಟಕಿ

ಅಹಾಬನ ರಾಜವಂಶ ಆ ಸಂಜೆ ಕಾಫಿಯ ಹೊತ್ತಿಗೆ ನಿರ್ನಾಮವಾಗಬೇಕಿತ್ತು. ಆದರೆ ನಿರ್ನಾಮ ಮಾಡಬೇಕಾದ ಯೇಹು ಸ್ಯಾನ್ ಹೊಸೆಯಿಂದ ಹೊರಟವನು ಫ್ರೀವೇಯಲ್ಲಿ ಸಿಕ್ಕಿಬಿದ್ದಿದ್ದ. ಬೈಬಲಿನ ಯೇಹು ಹುಚ್ಚು ಹಿಡಿದವನ ಹಾಗೆ ರಥ ಓಡಿಸುತ್ತಾನೆ. ನಾಟಕದಲ್ಲಿ ಆ ಪಾತ್ರ ಹಾಕಿದ ಸಂಪತ್ ಮಾತ್ರ ಲೇನ್ ಬದಲಿಸಲೂ ಹೆದರುವ ಪ್ರಾಣಿ.

ಹೇವರ್ಡ್‌ನ ಚರ್ಚ್ ಹಾಲಿನಲ್ಲಿ, ರಟ್ಟಿನ ಅರಮನೆಯ ಕಿಟಕಿಯಲ್ಲಿ ಸೌದಾಮಿನಿಯಮ್ಮ ರಾಣಿ ಈಜೆಬೆಲಳಾಗಿ ನಿಂತಿದ್ದರು. ದ್ರಾಕ್ಷಿತೋಟದ ಆಸೆಗೆ ಪಕ್ಕದವನನ್ನೇ ಕೊಲ್ಲಿಸಿದ ರಾಣಿ ಅವಳು. ಗಂಡ ಅಹಾಬ ಹಿಂದಿನ ದೃಶ್ಯದಲ್ಲೇ ಸತ್ತಿದ್ದ. ಇನ್ನು ಯೇಹು ಬಂದು ಕೂಗಿದರೆ ದಾಸಿ ಅವಳನ್ನು ಕಿಟಕಿಯಿಂದ ತಳ್ಳಬೇಕು, ಅವಳು ಕೆಳಗಿನ ಹಾಸಿಗೆಯ ಮೇಲೆ ಬೀಳಬೇಕು, ನಾಟಕ ಮುಗಿಯಬೇಕು.

ತಳ್ಳುವ ದಾಸಿ ಸೊಸೆ ಆಶ್ರಿತಾ. ನಾಟಕ ಆಡಿಸಿದವಳೂ ಅವಳೇ. ಅತ್ತೆಗೇ ಈ ಪಾತ್ರ ಕೊಟ್ಟದ್ದು ಕಂಡು ಜನ ಮುಸಿಮುಸಿ ನಕ್ಕಿದ್ದರು. ಸೌದಾಮಿನಿಯಮ್ಮನಿಗೆ ನಗು ಬಂದಿರಲಿಲ್ಲ. ಉಡುಪಿಯ ತಮ್ಮ ಅಡುಗೆಮನೆಯಲ್ಲಿ ಅವರೇ ರಾಣಿ. ಇಲ್ಲಿಗೆ, ಮಗನ ಮನೆಗೆ ಬಂದ ಹೊಸದರಲ್ಲಿ ಒಣಮೀನು ಹುರಿದು, ಸ್ಮೋಕ್ ಅಲಾರಂ ಕೂಗಿಸಿ, ಇಡೀ ಅಪಾರ್ಟ್‌ಮೆಂಟನ್ನೇ ರಸ್ತೆಗಿಳಿಸಿದ್ದರು. ಇನ್ನು ಒಲೆ ಮುಟ್ಟಬೇಡಿ ಅತ್ತೆ ಎಂದು ಆಶ್ರಿತಾ ಅಂದೇ ಮೆತ್ತಗೆ ಹೇಳಿದ್ದಳು. ಆ ಮೆತ್ತಗಿನ ಮಾತು ಅವರನ್ನು ಇನ್ನೂ ಚುಚ್ಚುತ್ತಿತ್ತು.

"ಅತ್ತೆ, ಸಂಪತ್ ಇನ್ನೂ ದಾರಿಯಲ್ಲಿದ್ದಾನೆ. ಎಂತಾದ್ರೂ ಮಾತಾಡ್ತಾ ಇರಿ," ಎಂದು ಆಶ್ರಿತಾ ಹಿಂದಿನಿಂದ ಪಿಸುಗುಟ್ಟಿದಳು.

ಸೌದಾಮಿನಿಯಮ್ಮ ಕಿರೀಟ ಸರಿಮಾಡಿಕೊಂಡರು. ಸಿಕ್ಕಿದ ಅವಕಾಶ ಬಿಡುವ ಹೆಂಗಸಲ್ಲ ಅವರು.

"ಯೇಹು ಬಂದು ಬೀಳಿಸುವುದು ಎಂತ ಉಂಟು? ನನ್ನ ರಾಜ್ಯ ಆಗಲೇ ಬಿದ್ದಾಗಿದೆ," ಎಂದರು ಸಭೆಯ ಕಡೆ ತಿರುಗಿ. "ಅರಮನೆ ಉಂಟು, ಕಿರೀಟ ಉಂಟು. ಒಂದು ತುಂಡು ಒಣಮೀನು ಹುರಿಯುವ ಅಧಿಕಾರ ಇಲ್ಲ. ಮತ್ತೆ ನಾನು ಎಂತದ ರಾಣಿ?"

ಸಭೆ ಗೊಳ್ಳೆಂದು ನಕ್ಕಿತು. ರಾಣಿಗೆ ಹುರುಪು ಬಂತು. ಮೂಲೆ ಸೇರಿದ ತನ್ನ ಬಾಣಲೆ, ಅಡುಗೆಯ ಹುಳಿಗೆಂದು ಊರಿಂದ ಹೊತ್ತು ತಂದ ಪುನರ್ಪುಳಿ, ಫ್ರಿಡ್ಜಿನಿಂದ ಬರುವ ನಿನ್ನೆಯ ಸಾರು, ಯಾವುದನ್ನೂ ಬಿಡಲಿಲ್ಲ. ಮೊದಲ ಸಾಲಿನವರು ಕಣ್ಣೊರೆಸಿಕೊಂಡು ನಕ್ಕರು. ಹಿಂದೆ ನಿಂತ ದಾಸಿಯೊಬ್ಬಳೇ ನಗಲಿಲ್ಲ.

ಅಂತೂ ಯೇಹು ಬಂದ, ಏದುಸಿರು ಬಿಡುತ್ತಾ, ಕತ್ತಿಯ ಜೊತೆ ಕಾರಿನ ಕೀಯನ್ನೂ ಹಿಡಿದುಕೊಂಡು. ಅವಳನ್ನು ಕೆಳಗೆ ತಳ್ಳಿರಿ ಎಂದು ಅಬ್ಬರಿಸಿದ. ಸೌದಾಮಿನಿಯಮ್ಮನ ಭುಜದ ಮೇಲೆ ಎರಡು ಕೈ ಬಂದವು. ಬಂದವು, ತಳ್ಳಲಿಲ್ಲ.

"ನಾಳೆ ಒಣಮೀನು ನೀವೇ ಹುರೀರಿ ಅತ್ತೆ," ಆಶ್ರಿತಾ ಅವರ ಕಿವಿಯಲ್ಲಿ ಹೇಳಿದಳು. "ಕಿಟಕಿ ಎಲ್ಲ ನಾನು ತೆರೆದಿಡ್ತೇನೆ."

ಯೇಹು ಮತ್ತೊಮ್ಮೆ ಅಬ್ಬರಿಸುವ ಮೊದಲೇ, ಅಹಾಬನ ವಂಶದ ಕೊನೆಯ ರಾಣಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಯ್ತುಂಬ ನಗುತ್ತಾ, ಕಿಟಕಿಯಿಂದ ತಾನೇ ಹಾರಿದಳು.