ಹಿತ್ತಲ ಗೋಡೆಯ ಮಿಡಿತ

ಬೀಜ ಊರಿ ಬೆಳೆಸಿದ ಆ ಒಂದು ಕೋಣೆಯ ಮನೆಯ ನೋಂದಣಿ ಮರುದಿನವಿತ್ತು. ಅದನ್ನು ಕೊಳ್ಳಲಿದ್ದ ಶಕುಂತಲಾ ಅದಕ್ಕೂ ಮುಂಚೆ ಮನೆ ಪರೀಕ್ಷಕ ದಸ್ತಗೀರನನ್ನು ಕರೆಸಿದಳು. ಹಿಂದೆ ಅವಳು ಮೆಚ್ಚಿದ್ದ ಬೇರೊಂದು ಮನೆ ಹೊರಗೆ ಹಸಿರಾಗಿದ್ದರೂ ಒಳಗೆ ಸತ್ತಿತ್ತು.

ದಸ್ತಗೀರ ಹಿತ್ತಲ ಕಡೆಯ ಗೋಡೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕಣ್ಣು ಮುಚ್ಚಿ ನಿಂತ.

"ಏನಾರ ರೋಗ ಐತೇನ್ರಿ?" ಎಂದಳು ಶಕುಂತಲಾ.

"ಎರಡು ಎದಿಬಡಿತ ಕೇಳಸ್ತಾವ್ರಿ ಅಕ್ಕಾರ. ಇಲ್ಲಿ ಕೈ ಇಡ್ರಿ."

ಗೋಡೆ ಬೆಚ್ಚಗಿತ್ತು. ಅವಳ ಅಂಗೈ ಕೆಳಗೆ ಏನೋ ಮೆಲ್ಲಗೆ ಹೊರಳಿತು.

"ಹೊಸಾ ಕೋಣಿ ಹುಟ್ಟಾಕತ್ತೈತ್ರಿ." ಅವನ ದನಿ ತಗ್ಗಿತ್ತು. "ಇಷ್ಟು ಮನಿ ನೋಡೇನಿ, ಹುಟ್ಟೂ ಹೊತ್ತಿಗೆ ಸಿಕ್ಕಿದ್ದು ಇದ ಮೊದಲು."

ಆಗ ಗೋಡೆಯಲ್ಲಿ ಉಗುರಿನಷ್ಟು ಪುಟ್ಟ ಕಿಟಕಿಯೊಂದು ತೆರೆದು, ಬಿಸಿಲಿಗೆ ಬೆದರಿ ಮುಚ್ಚಿಕೊಂಡಿತು. ಶಕುಂತಲಾ ಬಿಸಿಲಿಗೆ ಅಡ್ಡವಾಗಿ ಸೆರಗು ಹಿಡಿದು, ಅದು ಮತ್ತೆ ತೆರೆಯುವುದನ್ನು ಕಾಯುತ್ತ ಉಸಿರು ಬಿಗಿಹಿಡಿದು ನಿಂತಳು.