ಹಳದಿ ಲಕೋಟೆ

ಲಕೋಟೆ ಕದಿಯುವಾಗ ನಿಂಗಯ್ಯ ಹಿಂದೆಮುಂದೆ ನೋಡಲಿಲ್ಲ. ಹಿಂದೆಮುಂದೆ ನೋಡುವ ಕಾಲ ಏಳು ತಿಂಗಳ ಹಿಂದೆಯೇ ಮುಗಿದಿತ್ತು. ಪ್ರಿಯಂವದಾ ಮೇಡಂ ಕಾಫಿ ಲೋಟ ಇಡಲು ಜಾಗ ಹುಡುಕುತ್ತಾ ಆ ಕಡೆ ತಿರುಗಿದ್ದಳು. ಅಷ್ಟರಲ್ಲಿ ಅವಳ ಮೇಜಿನ ಮೇಲಿದ್ದ ಖಾಲಿ ಹಳದಿ ಲಕೋಟೆಯೊಂದು ಅವನ ಅಂಗಿಯೊಳಕ್ಕೆ ಹೋಯಿತು. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ. ಹೋಗಲಿ ಬಿಡಿ, ಅತ್ತಾಗೆ!

ಶಿವನಸಮುದ್ರದ ಆ ಗೆಸ್ಟ್‌ಹೌಸಿನಲ್ಲಿ ಅವನು ಹದಿನೆಂಟು ವರ್ಷದಿಂದ ಅಟೆಂಡರ್. ಮದುವೆ ದಿಬ್ಬಣ ಕಂಡಿದ್ದ, ಮಂತ್ರಿಗಳನ್ನು ಕಂಡಿದ್ದ. ಇಂಥದ್ದನ್ನು ಕಂಡಿರಲಿಲ್ಲ. ಬೆಂಗಳೂರಿನ ಯಾವುದೋ ನೀತಿ ಅಧ್ಯಯನ ಸಂಸ್ಥೆಯವರು ಬಂದು ಹಾಲಿನಲ್ಲಿ ಉದ್ದನೆ ಮೇಜು ಹಾಕಿಸಿದ್ದರು, ಎರಡೂ ಬದಿ ಬಾವುಟ ಇಟ್ಟಿದ್ದರು, ಕೂತವರ ಫೋನುಗಳನ್ನೆಲ್ಲ ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದಿದ್ದರು. "ಎರಡು ದೇಸದೋರ ಜಗಳ ಕಣ್ಲಾ, ಮಾತುಕತೆ ನಡೀತದೆ," ಎಂದಿದ್ದ ಗೆಸ್ಟ್‌ಹೌಸಿನ ಮ್ಯಾನೇಜರ್. "ಒಳಗಿನ ಮಾತು ಆಚೆ ಓಗಂಗಿಲ್ಲ."

ಎಡಗಡೆಯ ಬಾವುಟ ನೋಡಿ ನಿಂಗಯ್ಯ ಅಲ್ಲೇ ನಿಂತುಬಿಟ್ಟಿದ್ದ. ಏಳು ತಿಂಗಳಿಂದ ಟಿವಿಯಲ್ಲಿ ಹುಡುಕಿ ಹುಡುಕಿ ನೋಡಿದ ಬಾವುಟ ಅದು. ತಮ್ಮ ಕಡಲಗಡಿಯೊಳಗೆ ಬಂತೆಂದು ಆ ದೇಶದವರು ಒಂದು ಸರಕು ಹಡಗನ್ನು ಹಿಡಿದಿಟ್ಟಿದ್ದರು. ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವನು ಮಳವಳ್ಳಿಯ ಯತೀಶ್, ನಿಂಗಯ್ಯನ ಒಬ್ಬನೇ ಮಗ. ಟೈಪಿಂಗ್ ಅಂಗಡಿಯ ವನಜಾ ಇಂಗ್ಲಿಷಿನಲ್ಲಿ ಹೊಡೆದುಕೊಟ್ಟ ಅರ್ಜಿ ದಿಲ್ಲಿಗೂ ಹೋಗಿತ್ತು, ಲೀಡರುಗಳ ಮನೆಗೂ ಹೋಗಿತ್ತು. ಎಲ್ಲ ಕಡೆ ಅದು ಪರಿಶೀಲನೆಯಲ್ಲಿತ್ತು. ಮಗನ ಕೊನೆಯ ಫೋನು ಬಂದು ನಾಲ್ಕು ತಿಂಗಳು. "ಅಪ್ಪಾ, ಕೆಮ್ಮಿದ್ರೆ ರಕ್ತ ಬತ್ತದೆ. ಬೇಗ್ನೆ ಏನಾರ ಮಾಡು," ಎಂದಿದ್ದ.

ಬೆಳಿಗ್ಗೆಯಿಂದ ನಿಂಗಯ್ಯ ಒಂದು ಸಂಗತಿ ಗಮನಿಸಿದ್ದ. ಹಾಲಿನಲ್ಲಿ ಯಾರ ಮಾತಿಗೂ ಯಾರೂ ಸೊಪ್ಪು ಹಾಕುತ್ತಿರಲಿಲ್ಲ. ಆದರೆ ಆ ಸಂಸ್ಥೆಯ ಪ್ರಿಯಂವದಾ, "ಹತ್ತೂವರೆಗೆ ಸರಿಯಾಗಿ ಕೊಡಿ," ಎಂದು ಅವನ ಕೈಲಿ ಹಳದಿ ಲಕೋಟೆ ಕಳಿಸಿದರೆ ಸಾಕು, ಗದ್ದಲವೆಲ್ಲ ನಿಂತು ಎಲ್ಲರೂ ಅದರ ಮೇಲೆ ಬಗ್ಗುತ್ತಿದ್ದರು.

"ಏನವ್ವಾ ಅದ್ರಲ್ಲಿ?" ಎಂದು ಕೇಳಿದ್ದ.

"ಒಂದು ಹಡಗು ಮುಳುಗಿದೆ," ಎಂದಿದ್ದಳು ಅವಳು, ಬಿಸ್ಕತ್ತು ಕಡಿಯುತ್ತಾ.

ಸುದ್ದಿ ಓದಿ ಒಳಗೆ ಒಬ್ಬಾಕೆ ತುಟಿ ಕಚ್ಚಿ ನಗು ತಡೆದಳು. ನಿಂಗಯ್ಯನಿಗೆ ಮೈಯೆಲ್ಲ ಉರಿದುಹೋಯಿತು. ಥೂ, ಇವರ ಜನ್ಮಕ್ಕಿಷ್ಟು! ಯಾರ ಮನೆ ಮಕ್ಕಳೋ ಏನೋ.

ರಾಯಭಾರಿ ಮಾತ್ರ ಹಾಗಿರಲಿಲ್ಲ. ಎಡಗಡೆ ಕೂತಿದ್ದ ನರೆಗೂದಲಿನವನನ್ನು ಎಲ್ಲರೂ ಅಂಬಾಸಡರ್ ಸಾರ್ ಎನ್ನುತ್ತಿದ್ದರು. ಅವನ ಕೋಟಿನ ಮೇಲೂ ಅದೇ ಪುಟ್ಟ ಬಾವುಟ. ಟೀ ಬಿಡುವಿನಲ್ಲಿ ಎರಡು ಮದ್ದೂರು ವಡೆ ತಿಂದು, ತಟ್ಟೆಯ ಚಟ್ನಿಯನ್ನು ಬೆರಳಲ್ಲಿ ಬಳಿದು ನೆಕ್ಕಿದ್ದ. ನಮ್ಮ ತಿಂಡಿಗೆ ಮೂಗು ಮುರಿಯದವನು ನಮ್ಮ ಹುಡುಗನ ಕಷ್ಟಕ್ಕೂ ಮೂಗು ಮುರಿಯಲಾರ ಎಂದು ನಿಂಗಯ್ಯ ಅಲ್ಲೇ ತೀರ್ಮಾನಿಸಿದ.

ಹನ್ನೆರಡು ಹೊಡೆದಾಗ, ಕದ್ದ ಲಕೋಟೆಯೊಳಗೆ ಅರ್ಜಿ, ಮಗನ ಫೋಟೋ ಇಟ್ಟು ರಾಯಭಾರಿಯ ಮುಂದಿಟ್ಟ.

ಅವನು ಓದಿದ. ಕನ್ನಡಕ ತೆಗೆದ. ಒರೆಸಿ ಮತ್ತೆ ಓದಿದ. ಬಾಗಿಲ ಬಳಿ ಪ್ರಿಯಂವದಾ ಹುಬ್ಬು ಗಂಟಿಕ್ಕಿ ತನ್ನ ಪಟ್ಟಿ ನೋಡಿಕೊಂಡಳು. ಕೆಟ್ಟೆ ಎಂದುಕೊಂಡ ನಿಂಗಯ್ಯ. ಅವಳು ಮಾತ್ರ ಸಣ್ಣಗೆ ನಕ್ಕು, ಪಟ್ಟಿಯಲ್ಲಿ ಏನನ್ನೋ ಬರೆದುಕೊಂಡಳು.

ಒಂದು ಗಂಟೆ ಮಾತು ನಡೆಯಿತು. ಇಂಗ್ಲಿಷು ತಿಳಿಯದಿದ್ದರೇನು, ಯತೀಶನ ಹೆಸರು ಆರು ಸಲ ಕೇಳಿಸಿತು. ಎದುರು ಬದಿಯವರು ಮೇಜು ಗುದ್ದಿದರು. ರಾಯಭಾರಿ ಫೋಟೋ ಎತ್ತಿ ತನ್ನ ಕಡೆಯವರಿಗೆ ತೋರಿಸಿದ. ಕೊನೆಗೆ ಯಾರೋ ರಿಲೀಸ್ ಅಂದರು. ಆ ಒಂದು ಪದ ನಿಂಗಯ್ಯನಿಗೆ ಏಳು ತಿಂಗಳಲ್ಲಿ ಬಾಯಿಪಾಠವಾಗಿತ್ತು. ಎರಡೂ ಕಡೆಯವರು ಕಾಗದಕ್ಕೆ ಸಹಿ ಹಾಕಿ ಕೈಕುಲುಕಿದರು. ಚಪ್ಪಾಳೆ ಬಿತ್ತು.

ಅಡುಗೆಮನೆಯ ಹಿಂದಕ್ಕೆ ಓಡಿ ಹೆಂಡತಿಗೆ ಫೋನು ಮಾಡಿದ. "ಬುಡ್ತಾರಂತೆ ಕಣಮ್ಮಿ! ನನ್ ಕಣ್ಣಾರ ಕಂಡೆ, ಸೈನ್ ಆಕುದ್ರು!"

ಸಣ್ಣತಾಯಮ್ಮ ಅದನ್ನೇ ಇನ್ನೊಂದು ಸಲ ಹೇಳಿಸಿದಳು. ಆಮೇಲೆ ಹೋ ಎಂದು ಅತ್ತಳು. "ಯಾವತ್ತು ಬತ್ತನಂತೆ? ಕೇಳ್ಕೊಂಡು ಬಾ. ಡಾಕ್ಟ್ರಿಗೆ ಏಳಿಡ್ತೀನಿ. ಮೊದ್ಲು ಬೀದಿಯೋರ್ಗೆಲ್ಲ ಏಳ್ಬುಡ್ತೀನಿ!"

ಊಟದ ಹೊತ್ತಿಗೆ ಕೈತೊಳೆಯುವ ಜಾಗದಲ್ಲಿ ರಾಯಭಾರಿ ಒಬ್ಬನೇ ಸಿಕ್ಕ. ನಿಂಗಯ್ಯ ಕಾಲಿಗೆ ಬಿದ್ದ. ಭಾಷೆ ಬಾರದವನಿಗೆ ಇನ್ನು ಹೇಗೆ ಹೇಳುವುದು?

"ಅಯ್ಯಯ್ಯೋ, ಏಳಿ ಯಜಮಾನ್ರೇ! ಯಾಕೆ, ಏನಾಯ್ತು?"

ಅಚ್ಚ ಕನ್ನಡ. ನಿಂಗಯ್ಯ ಬಿದ್ದಲ್ಲಿಂದಲೇ ತಲೆಯೆತ್ತಿದ. ಬಾಯಿ ತೆರೆಯುವ ಮೊದಲೇ ಗೇಟಿನಲ್ಲಿ ಬಸ್ಸೊಂದು ಹಾರ್ನ್ ಹೊಡೆಯಿತು, ಇಪ್ಪತ್ತು ಜನ ಇಳಿದರು. ರಾಯಭಾರಿ ಟೈ ಸಡಿಲಿಸಿ, ಕೋಟಿನ ಮೇಲಿದ್ದ ಬಾವುಟವನ್ನು ಬಿಚ್ಚಿ, ಇಳಿದವರಲ್ಲಿ ಒಬ್ಬನ ಕೈಗೆ ಕೊಟ್ಟ. ನಿಂಗಯ್ಯನ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಮನೆಯಿಂದ.

"ನಿಂಗಯ್ಯನವರೇ, ಅಣಕು ಸಂಧಾನದ ಎರಡನೇ ತಂಡ ಬಂತು," ಎಂದು ಪ್ರಿಯಂವದಾ ಅವನ ಕೈಗೆ ಹೊಸ ಹಳದಿ ಲಕೋಟೆ ಇಟ್ಟಳು. ಒಳಗೆ ಅವನದೇ ಅರ್ಜಿಯ ಜೆರಾಕ್ಸು, ಯತೀಶನ ಮುಖ ಕಪ್ಪಗೆ ಮೆತ್ತಿಕೊಂಡಿತ್ತು. "ನಮ್ಮ ಸಂಪತ್ ಕುಮಾರ ಮೇಷ್ಟ್ರು ರಾಯಭಾರಿ ಪಾತ್ರ ಎಷ್ಟು ಚೆನ್ನಾಗಿ ಮಾಡಿದ್ರು, ಅಲ್ವಾ? ಈ ಹುಡುಗನ ಕಥೆ ನಮ್ಮ ಡೈರೆಕ್ಟರೇ ಗುಟ್ಟಾಗಿ ಸೇರಿಸಿರಬೇಕು, ಅವರಿಗೆ ಅದೊಂದು ಚಾಳಿ. ಇವರಿಗೂ ನಾಲ್ಕು ಗಂಟೆಗೆ ಕೊಡಿ. ಇವರು ಬಿಡ್ತಾರೋ, ಅಲ್ಲೇ ಸಾಯಲಿ ಅಂತಾರೋ ನೋಡೋಣ."