ಕಣಮಾಪಕ ಆರಿದ ಮಧ್ಯಾಹ್ನ

ಉಪಗ್ರಹದ ಕಣಮಾಪಕವನ್ನು ತಕ್ಷಣ ಆರಿಸಬೇಕೆಂದು ನಿರ್ದೇಶಕರ ಆದೇಶ ಬಂದಾಗ, ಅದನ್ನು ಕಟ್ಟಿದ ಮೇಷ್ಟ್ರು ನಿಯಂತ್ರಣ ಕೊಠಡಿಯಲ್ಲಿ ಉಪಗ್ರಹವನ್ನು ನಡೆಸುತ್ತಿದ್ದ ತಮ್ಮ ಹಳೆಯ ಶಿಷ್ಯೆಯ ಪಕ್ಕದಲ್ಲೇ ಕೂತಿದ್ದರು. ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು. ಸೂರ್ಯನಲ್ಲಿ ಬಿರುಗಾಳಿ ಎದ್ದಿದೆ ಎಂದು ಅವಳು ಫೋನು ಮಾಡಿದ್ದೇ ತಡ, ತಿಂಡಿಯನ್ನೂ ತಿನ್ನದೆ ಬಂದುಬಿಟ್ಟಿದ್ದರು.

ಭೂಮಿಯ ಕಾಂತಕ್ಷೇತ್ರದಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಾನುಗಳು ಒಂದು ಧ್ರುವದತ್ತ ಓಡಿ, ಅಲ್ಲಿಂದ ಪುಟಿದು, ಇನ್ನೊಂದರತ್ತ ಓಡುತ್ತಲೇ ಇರುತ್ತವೆ. ಬಿರುಗಾಳಿ ಎದ್ದಾಗ ಅವಕ್ಕೆ ಅಷ್ಟೊಂದು ವೇಗ ಎಲ್ಲಿಂದ ಬರುತ್ತದೆ? ಮೇಷ್ಟ್ರು ಜೀವಮಾನವಿಡೀ ಇದೊಂದನ್ನೇ ಕೇಳಿಕೊಂಡು ಬಂದವರು. ಇವತ್ತು ಕಣಮಾಪಕ ಕಳಿಸುತ್ತಿದ್ದ ಉತ್ತರ ಪರದೆಯ ಮೇಲೆ ಗೆರೆಯಾಗಿ ಏರುತ್ತಿತ್ತು. ಆದರೆ ಅವೇ ಎಲೆಕ್ಟ್ರಾನುಗಳು ಉಪಗ್ರಹದೊಳಗೂ ನುಗ್ಗಿ, ತಂತಿಗಳ ಹೊದಿಕೆಯಲ್ಲಿ ತುಂಬಿಕೊಂಡು ಕಿಡಿ ಹಾರಿಸುತ್ತಿದ್ದವು. ಕಣಮಾಪಕದ ವಿದ್ಯುತ್ತು ಕಡಿದರೆ ಅದೇ ತಂತಿಗಳಿಂದ ವಿದ್ಯುತ್ತು ಪಡೆಯುತ್ತಿದ್ದ ಪಕ್ಕದ ಹವಾಮಾನ ಕ್ಯಾಮೆರಾವಾದರೂ ಉಳಿದೀತು. ಕೆಳಗೆ ಸಮುದ್ರದಲ್ಲಿ ಚಂಡಮಾರುತ ಎದ್ದಿತ್ತು; ಅದು ಎತ್ತ ಸಾಗುತ್ತಿದೆಯೆಂದು ಬಂದರಿಗೆ ತೋರಿಸುತ್ತಿದ್ದುದು ಆ ಕ್ಯಾಮೆರಾ.

“ಇದೊಂದು ಸುತ್ತು ಮುಗೀಲಿ, ತಾಯಿ,” ಎಂದರು ಮೇಷ್ಟ್ರು. ಅವಳಿಗೆ ಪಾಠ ಹೇಳಿದಷ್ಟು ಕಾಲವೂ ಅವರು ಏನನ್ನೂ ಬೇಡಿದವರಲ್ಲ.

“ದೋಣಿಗಳು ಇನ್ನೂ ದಡ ಸೇರಿಲ್ಲ, ಮೇಷ್ಟ್ರೇ.”

ಅವರು ಪರದೆಯಿಂದ ಕಣ್ಣು ಕೀಳದೆ, ಸರಿ ಎಂಬಂತೆ ತಲೆಯಾಡಿಸಿದರು. ಅವಳು ಆಜ್ಞೆ ಕಳಿಸಿದಳು. ಏರುತ್ತಿದ್ದ ಗೆರೆ ಅರ್ಧದಲ್ಲೇ ನಿಂತಿತು. ಅಷ್ಟು ಹಳೆಯ ಯಂತ್ರ, ಒಮ್ಮೆ ಆರಿದರೆ ಮತ್ತೆ ಏಳುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಇನ್ನೊಂದನ್ನು ಕಳಿಸುವ ಮಾತು ಸಂಸ್ಥೆಯಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ಮೇಷ್ಟ್ರು ಎದ್ದು ಹೊರಗೆ ಹೋದರು.

ಉಪಗ್ರಹ ಆ ಎಲೆಕ್ಟ್ರಾನುಗಳು ತುಂಬಿದ ವಲಯವನ್ನು ದಾಟಿ ಈಚೆ ಬರುವ ಹೊತ್ತಿಗೆ ಕ್ಯಾಮೆರಾವೂ ಸತ್ತಿತ್ತು. ಎಷ್ಟು ಕರೆದರೂ ಓಗೊಡಲಿಲ್ಲ. ಬಂದರಿನವರು ಚಿತ್ರ ಕೇಳಿ ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಕೊಡಲು ಏನೂ ಇರಲಿಲ್ಲ. ನಮ್ಮ ಕೈಲಾದದ್ದು ಮಾಡಿದೆವು ಎಂದು ನಿರ್ದೇಶಕರು ಎದ್ದು ಹೋದರು.

ಕಾರಿಡಾರಿನ ಬೆಂಚಿನ ಬಳಿ ಮೇಷ್ಟ್ರು ಸ್ವೆಟರಿನ ಒಂದು ತೋಳು ಹಾಕಿಕೊಂಡು, ಇನ್ನೊಂದು ತೋಳಿಗಾಗಿ ಬೆನ್ನ ಹಿಂದೆ ತಡಕಾಡುತ್ತಿದ್ದರು. ಅವಳು ಹತ್ತಿರ ಹೋಗಿ ಅವರ ಕೈಯನ್ನು ಅದರೊಳಗೆ ತೂರಿಸಿದಳು.

“ಕ್ಯಾಮೆರಾ ಉಳೀತಾ?”

ಅವಳು ಅವರ ಕಾಲರು ಸರಿಪಡಿಸುತ್ತ, “ಉಳೀತು” ಎಂದಳು.

“ಸದ್ಯ,” ಎಂದರು ಮೇಷ್ಟ್ರು. “ಇಲ್ದಿದ್ರೆ ನನ್ನದು ಸುಮ್ನೆ ಹೋದ ಹಾಗಾಗ್ತಿತ್ತು.”